ಸಯಾಡೋ ತಲೆಯ ಮೇಲಿನ ಕೆಂಪು ಲುಂಗಿ

ಮೌಲಮ್ಯೈನ್
9 ಜುಲೈ 2003

ದೋ ಓನ್ ಯಿನ್ ಅವರಿಗೆ,

ಮೂವತ್ತು ವರ್ಷ ಅಕ್ಕ ಎಂದು ಕರೆದ ಬಾಯಿ ಇದು. ಈಗ ಹಾಗೆ ಬರೆಯಲು ಕೈ ಏಳುತ್ತಿಲ್ಲ. ಯಾಂಗೂನಿನವರೆಲ್ಲ ಕರೆಯುವ ಹಾಗೆ ಗೌರವಕ್ಕೊಂದು 'ದೋ' ಹಚ್ಚಿ ಹೆಸರು ಹಿಡಿದೇ ಬರೆದಿದ್ದೇನೆ. ನಿಮ್ಮ ಕ್ಷೇಮ ಕೇಳುವುದಿಲ್ಲ, ನನ್ನದು ಹೇಳುವುದೂ ಇಲ್ಲ.

ಯಾಂಗೂನಿನ ನಮ್ಮ ಓಣಿಯ ಮೀನಿನವಳು ನಿನ್ನೆ ಇಲ್ಲಿಗೆ ಬಂದಿದ್ದಳು. ನನ್ನ ತಂಗಿಯ ಮನೆಯಲ್ಲಿ ಕೂತು ಒಂದು ಲೋಟ ಚಹಾ ಕುಡಿದು ಮುಗಿಸಿದಳು. ಆಮೇಲೆ ಹೇಳಿದಳು: "ಅಕ್ಕಾ, ನಿಮ್ಮ ಯಜಮಾನರ ಹೆಸರಿಗೆ ಸುಣ್ಣ ಬಳಿದುಬಿಟ್ರು."

ವಿಹಾರದ ಧರ್ಮಶಾಲೆಯ ಗೋಡೆಯಲ್ಲಿ ದಾನಿಗಳ ಕಲ್ಲಿದೆಯಲ್ಲ, ಅದರಲ್ಲಿ ಏಳನೆಯ ಸಾಲು. "ಊ ಪೋ ಲ್ವಿನ್, ದೋ ಮ್ಯಾ ಸೇನ್ ದಂಪತಿ, ಒಂದು ಕಂಬ." ಬರೀ ನನ್ನ ಹೆಸರಿಗೆ ಬಳಿದಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ನನ್ನ ಗಂಡ ನಿಮಗೇನು ಮಾಡಿದ್ದ? ಬಂದರಿನಲ್ಲಿ ಅಕ್ಕಿಮೂಟೆ ಹೊತ್ತು ಬಂದ ಮೇಲೆ ಆ ತೇಗದ ಕಂಬವನ್ನು ತಾನೇ ಹೆಗಲು ಕೊಟ್ಟು ತಂದವನು. ಸತ್ತು ನಾಲ್ಕು ವರ್ಷವಾಯಿತು. ಮಳೆಗಾಲ ಮುಗಿದ ಮೇಲೆ ಭಿಕ್ಷುಗಳಿಗೆ ಬಟ್ಟೆ ಕೊಡುವ ಕಠಿನ ಚೀವರದಾನದ ದಿನ ಆ ಕಲ್ಲನ್ನು ಮೇಲಿನಿಂದ ಕೆಳಗಿನ ತನಕ ಗಟ್ಟಿಯಾಗಿ ಓದುತ್ತಾರೆ. ಒಂದೊಂದು ಹೆಸರಿಗೂ ಜನ "ಸಾಧು, ಸಾಧು" ಎನ್ನುತ್ತಾರೆ. ಅವನು ಈಗ ಎಲ್ಲಿ ಹುಟ್ಟಿದ್ದರೂ ಅಷ್ಟು ಪುಣ್ಯ ಅವನಿಗೆ ಮುಟ್ಟಬೇಕು. ನೀವು ಅದಕ್ಕೆ ಅಡ್ಡ ನಿಂತಿರಿ.

ಇದೆಲ್ಲ ಒಂದು ಫೋಟೋದಿಂದ. ಮೂರು ವಾರ ನಮ್ಮ ಮೂಲೆಯ ಅತಿಥಿಗೃಹದಲ್ಲಿದ್ದು, ಕಂಡದ್ದಕ್ಕೆಲ್ಲ ಕ್ಯಾಮೆರಾ ಹಿಡಿದು ಹೋದ ಆ ಬಿಳಿಯನ ಫೋಟೋ. ಚಹಾದಂಗಡಿಯ ಖಿನ್ ಪು ಗೋಡೆಗೆ ಅದನ್ನು ನೇತುಹಾಕಿದ ದಿನ ನಾನೂ ಅಲ್ಲಿದ್ದೆ. ಭಿಕ್ಷುಗಳ ಸಾಲು, ಮುಂದೆ ವಿಹಾರದ ಹಿರಿಯ ಭಿಕ್ಷು ಸಯಾಡೋ, ಅನ್ನ ಬಡಿಸುತ್ತಿರುವ ನಿಮ್ಮ ಬೆನ್ನು. ಎಲ್ಲರೂ "ಎಷ್ಟು ಚೆನ್ನಾಗಿದೆ" ಎನ್ನುತ್ತಿದ್ದರು. ಬೆರಳು ಮೇಲೆತ್ತಿದವರು ನೀವು. "ಅಯ್ಯೋ, ಸಯಾಡೋ ತಲೆ ಮೇಲೆ ಅದೇನ್ರೇ? ಮ್ಯಾ ಸೇನ್ ಉಡೋ ಕೆಂಪು ಲುಂಗಿ ಅಲ್ವೇನ್ರೇ ಅದು?" ಎಂದಿರಿ. ಅಷ್ಟು ಜನ ಗಂಡಸರ ಎದುರಿಗೆ. ಉಟ್ಟು ಒಗೆದು ಒಣಹಾಕಿದ ಲುಂಗಿಯ ಕೆಳಗೆ ಸ್ವಂತ ಗಂಡನನ್ನೂ ಹಾಯಗೊಡದ ಹೆಂಗಸು ನಾನು. ಭಿಕ್ಷುವನ್ನು ಹಾಯಿಸಿದೆ ಎಂದಿರಿ.

ಲುಂಗಿ ನನ್ನದೇ. ಒಣಹಾಕಿದ್ದೂ ನಾನೇ. ಆದರೆ ನನ್ನ ಮನೆ ಓಣಿಯ ಕೊನೆಯದು. ಭಿಕ್ಷುಗಳು ವಿಹಾರದ ಬಾಗಿಲಿಂದ ಹೊರಟು ಓಣಿಯ ಬಾಯಿಗೆ ಬಂದು ದೊಡ್ಡ ರಸ್ತೆಗೆ ತಿರುಗುತ್ತಾರೆ, ನನ್ನ ಮನೆಯ ಕಡೆ ಕಾಲಿಡುವುದೇ ಇಲ್ಲ. ಮಹಡಿಯ ಮೇಲಿನ ನನ್ನ ಮೊಗಸಾಲೆಯ ಕೆಳಗಿರುವುದು ಚರಂಡಿ. ಅಲ್ಲಿ ನಾಯಿಯೂ ಹಾಯುವುದಿಲ್ಲ. ಒಮ್ಮೆ ಹೆಜ್ಜೆ ಎಣಿಸಿ ನೋಡಿ ಎಂದು ಅಂಗಲಾಚಿದೆ. ನೀವು ಎಣಿಸಲಿಲ್ಲ. ಮಾರನೆಯ ಬೆಳಿಗ್ಗೆ ನನ್ನ ಕೈಯ ಅನ್ನದ ಪಾತ್ರೆಯ ಮೇಲೆ ನೀವೇ ಮುಚ್ಚಳ ಹಾಕಿ, ಭಿಕ್ಷುಗಳಿಗೆ ಬಡಿಸಗೊಡಲಿಲ್ಲ. ಮನೆಯ ಒಡೆಯ ವಾರದೊಳಗೆ ಬೀಗದ ಕೈ ಕೇಳಿದ.

ಕಠಿನದ ದಿನದೊಳಗೆ ಆ ಸುಣ್ಣ ಕೆರೆಯಬೇಕು. ನನಗೆ ಇನ್ನೇನೂ ಬೇಡ.

ಮ್ಯಾ ಸೇನ್


ಯಾಂಗೂನ್
28 ಜುಲೈ 2003

ಮ್ಯಾ ಸೇನ್,

ಮಹಡಿಯಿಂದ ಇಳಿಬಿಟ್ಟ ಹಗ್ಗವನ್ನು ಕೆಳಗಿನಿಂದ ಅಂಚೆಯವನು ಎಳೆದ. ಮೇಲೆ ಗಂಟೆ ಅಲ್ಲಾಡಿತು. ಪತ್ರಿಕೆ ಬಂತೆಂದು ಹಗ್ಗ ಸೇದಿಕೊಂಡರೆ ತುದಿಯಲ್ಲಿ ನಿನ್ನ ಕಾಗದ. ಪತ್ರಿಕೆಯೇ ಆಗಿದ್ದರೆ ಸುಳ್ಳು ಸ್ವಲ್ಪ ಕಡಿಮೆ ಇರುತ್ತಿತ್ತು.

ಕ್ಯಾಮೆರಾಗೆ ನಿನ್ನ ಮೇಲೆ ಹಗೆಯಿದೆಯೇ? ಇದ್ದದ್ದು ಇದ್ದ ಹಾಗೆ ಬಂದಿದೆ. ಸಯಾಡೋ ತಲೆ ಕೆಳಗೆ, ನಿನ್ನ ಲುಂಗಿ ಮೇಲೆ. ಓಣಿಯಲ್ಲಿ ಕಣ್ಣಿದ್ದವರೆಲ್ಲ ನೋಡಿದರು. ಅಂಥ ಚಿತ್ರ ನೋಡುವುದೂ ಪಾಪವೆಂದು ಎರಡೇ ದಿನಕ್ಕೆ ಗೋಡೆಯಿಂದ ಇಳಿಸಿ ನಾನೇ ಸುಟ್ಟೆ.

ಸುಣ್ಣ ಬಳಿಸಿದ್ದು ಭಿಕ್ಷಾ ಸಮಿತಿ. ನಾನು ಅಧ್ಯಕ್ಷೆ, ಅಷ್ಟೇ. ಸಯಾಡೋ ಅವರನ್ನು ಕೇಳಿದೆವು, ಅವರು ಏನೂ ಹೇಳಲಿಲ್ಲ. ಹಿರಿಯರು ಬೇಡವೆನ್ನದಿದ್ದರೆ ಒಪ್ಪಿದ ಹಾಗೆ.

ನಿನ್ನ ಗಂಡ ಒಳ್ಳೆಯವನು, ನಾನೆಲ್ಲಿ ಇಲ್ಲವೆಂದೆ? ಆದರೆ ಕಲ್ಲಿನ ಮೇಲೆ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿದೆ. ನೀನು ಬಂದು ಎಲ್ಲರ ಎದುರು ಕೈಮುಗಿದು "ನನ್ನಿಂದ ತಪ್ಪಾಯ್ತು" ಎನ್ನು. ಆಮೇಲೆ ಯೋಚಿಸೋಣ. ಖಿನ್ ಪು ಕೂಡ ಅದನ್ನೇ ಹೇಳುತ್ತಾಳೆ: "ಅವಳಿಗೆ ನಾಲಿಗೆ ಉದ್ದ, ಬೆನ್ನು ಮಾತ್ರ ಬಗ್ಗಲ್ಲ."

ಇನ್ನು ಕಾಗದ ಬರೆದು ಅಂಚೆಚೀಟಿ ಹಾಳು ಮಾಡಬೇಡ.

ಓನ್ ಯಿನ್


ಮೌಲಮ್ಯೈನ್
6 ಆಗಸ್ಟ್ 2003

ಕ್ಯಾಮೆರಾದ ಯೋರಿಸ್ ಅವರಿಗೆ,

ನಿಮ್ಮ ಜೊತೆ ಓಡಾಡುತ್ತಿದ್ದ ಮಾರ್ಗದರ್ಶಿ ಕೋ ತೂರೇನ್‌ಗೆ ಈ ಕಾಗದ ಕಳಿಸಿದ್ದೇನೆ. ಅವನು ನಿಮ್ಮ ಭಾಷೆಗೆ ತಿರುಗಿಸುತ್ತಾನೆ. ಮೆತ್ತಗೆ ಮಾಡಿ ತಿರುಗಿಸಬೇಡವೆಂದು ಅವನಿಗೂ ಬರೆದಿದ್ದೇನೆ.

ನಾನು ಓಣಿಯ ಕೊನೆಮನೆಯ ಹೆಂಗಸು. ಬ್ರೆಡ್ಡಿಗೆಂದು ಮೇಲಿನಿಂದ ಹಗ್ಗ ಇಳಿಬಿಟ್ಟಾಗ ನೀವು ಕೆಳಗೆ ನಿಂತು ಫೋಟೋ ತೆಗೆದಿರಿ. ಪ್ರತಿ ಕಳಿಸುತ್ತೇನೆ ಎಂದಿರಿ, ಕಳಿಸಲಿಲ್ಲ. ಆ ಜಗಳಕ್ಕೆ ಈ ಕಾಗದವಲ್ಲ.

ನಿಮ್ಮ ಪುಸ್ತಕವನ್ನು ಕೋ ತೂರೇನ್ ತೋರಿಸಿದ್ದ. ಬಸ್ಸಿಗೆ ಜೋತುಬಿದ್ದವರು, ಕೊಡೆಯ ಕೆಳಗೆ ಕೂತು ಅರ್ಜಿ ಟೈಪು ಮಾಡುವವನು, ಪಾದಚಾರಿ ದಾರಿಯಲ್ಲಿ ಮೇಜಿನ ಮೇಲೆ ಫೋನಿಟ್ಟುಕೊಂಡ ಹುಡುಗಿ, ಎಲೆಗೆ ಸುಣ್ಣ ಹಚ್ಚುವವನು. ನಾವು ದಿನವೂ ಮಾಡುವುದನ್ನೇ ತೆಗೆದಿದ್ದೀರಿ. ಅದರಲ್ಲೊಂದು ನನ್ನ ಮನೆ ಬಿಡಿಸಿತು. ಹೆಂಗಸರು ಉಟ್ಟ ಲುಂಗಿ ಗಂಡಸಿನ ತಲೆಯ ಮೇಲೆ ಬರಬಾರದು. ಭಿಕ್ಷುವಿನ ತಲೆಯ ಮೇಲೆ ಬಂದರೆ ಹೇಳುವುದೇ ಬೇಡ. ನೀವು ತಂದು ಇಟ್ಟಿದ್ದೀರಿ.

ನಾನು ವಿಹಾರದ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದವಳು. ಕ್ಯಾಮೆರಾ ಗೊತ್ತಿಲ್ಲ, ಎಣಿಸುವುದು ಗೊತ್ತು. ಮೂರು ಪ್ರಶ್ನೆ. ನೀವು ನಿಂತದ್ದು ಎಲ್ಲಿ? ಸಯಾಡೋ ನಿಮ್ಮಿಂದ ಎಷ್ಟು ಹೆಜ್ಜೆ? ನನ್ನ ಲುಂಗಿ ಎಷ್ಟು ಹೆಜ್ಜೆ?

ಆ ಫೋಟೋ ಪೂರ್ತಿ ಕಳಿಸಿ. ಅದರ ಹಿಂದೆ ಮುಂದೆ ತೆಗೆದವನ್ನೂ ಕಳಿಸಿ. ಕ್ಷಮೆ ಕಳಿಸುವುದು ಬೇಡ, ಅದನ್ನು ತೋರಿಸಿದರೆ ಇಲ್ಲಿ ಯಾರೂ ಸುಣ್ಣ ಕೆರೆಯುವುದಿಲ್ಲ.

ದೋ ಮ್ಯಾ ಸೇನ್


15 ಸೆಪ್ಟೆಂಬರ್ 2003

ಗೌರವಾನ್ವಿತ ದೋ ಮ್ಯಾ ಸೇನ್,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನನ್ನ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಚಿತ್ರ ಅದು. ಅದಕ್ಕಾಗಿ ನಾಲ್ಕು ಬೆಳಿಗ್ಗೆ ಕಾದಿದ್ದೆ. ಆ ಕೆಂಪು ಬಟ್ಟೆ ಭಿಕ್ಷುಗಳ ಮೇಲೆ ಹಿಡಿದ ಛತ್ರಿಯಂತೆ ಕಂಡಿತು. ಅದು ಯಾರದು, ಅದರಿಂದ ಏನಾಗಬಹುದು ಎಂದು ನಾನು ಯಾರನ್ನೂ ಕೇಳಲಿಲ್ಲ. ನನಗೆ ಅದು ಒಂದು ಬಣ್ಣವಾಗಿತ್ತು.

ನಾನು ನಿಂತದ್ದು ರೈಲುಹಳಿಯ ಮೇಲಿನ ಕಾಲುಸೇತುವೆಯಲ್ಲಿ. ಅಲ್ಲಿಂದ ಭಿಕ್ಷುಗಳು ಸುಮಾರು ನೂರು ಹೆಜ್ಜೆ. ಅವರ ಹಿಂದೆ ನಿಮ್ಮ ಮೊಗಸಾಲೆ ಇನ್ನೂ ಅರವತ್ತಕ್ಕೂ ಹೆಚ್ಚು ಹೆಜ್ಜೆ. ನನ್ನದು ಉದ್ದನೆಯ ಲೆನ್ಸ್. ಅದು ದೂರದ ವಸ್ತುಗಳನ್ನು ಹತ್ತಿರಕ್ಕೆಳೆದು ಒಂದಕ್ಕೊಂದು ಅಂಟಿಸಿದಂತೆ ತೋರಿಸುತ್ತದೆ. ನಡುವಿನ ನೆಲ ಕಾಣಿಸುವುದಿಲ್ಲ.

ಪೂರ್ತಿ ಚಿತ್ರವನ್ನೂ, ಭಿಕ್ಷುಗಳು ಹೋದ ಮೇಲೆ ಸೇತುವೆಯ ನಾಲ್ಕು ಮೆಟ್ಟಿಲು ಇಳಿದು ತೆಗೆದ ಒಂದನ್ನೂ ಇಟ್ಟಿದ್ದೇನೆ. ಬ್ರೆಡ್ಡಿನ ಚಿತ್ರವನ್ನೂ ಇಟ್ಟಿದ್ದೇನೆ.

ಯೋರಿಸ್

(ಅಮ್ಮಾ, ನಾನು ತೂರೇನ್. ಮುಂದಿನ ಮುದ್ರಣಕ್ಕೆ ಆ ಚಿತ್ರವನ್ನೇ ರಕ್ಷಾಪುಟಕ್ಕೆ ಹಾಕಲೇ ಎಂದು ನಿಮ್ಮನ್ನು ಕೇಳಲು ಹೇಳಿದ್ದಾನೆ. ನಿಮ್ಮನ್ನು ಕೇಳದೆ ನಾನೇ ಬೇಡವೆಂದು ಬರೆದುಬಿಟ್ಟೆ. ಬೈಯಬೇಡಿ.)


ಮೌಲಮ್ಯೈನ್
3 ಅಕ್ಟೋಬರ್ 2003

ಓನ್ ಯಿನ್,

ಇಂದಿನಿಂದ ನೀನು ಎಂದೇ ಬರೆಯುತ್ತೇನೆ. ಮರ್ಯಾದೆ ಕೊಟ್ಟದ್ದು ಸಾಕು.

ಕ್ಯಾಮೆರಾ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ ಎಂದೆಯಲ್ಲ, ಆ ಬಿಳಿಯ ಎರಡನೆಯ ಚಿತ್ರ ಕಳಿಸಿದ್ದಾನೆ. ಭಿಕ್ಷುಗಳು ಹೋದ ಮೇಲೆ ಅವನು ಸೇತುವೆಯ ಮೆಟ್ಟಿಲು ನಾಲ್ಕು ಇಳಿದು ತೆಗೆದದ್ದು. ಅದೇ ಬೆಳಿಗ್ಗೆ, ಅದೇ ಲುಂಗಿ. ಅದರಲ್ಲಿ ನನ್ನ ಲುಂಗಿ ಎಲ್ಲಿದೆ ಗೊತ್ತೇ? ದೂರದ ಶ್ವೇಡಗೋನ್ ಪಗೋಡದ ಚಿನ್ನದ ಕಳಶದ ಮೇಲೆ. ತುತ್ತತುದಿಗೆ ಸಿಕ್ಕಿಸಿದ ಹಾಗೆ ಹಾರುತ್ತಿದೆ. ಹೋಗಿ ಸಮಿತಿ ಕೂಡಿಸು. "ಮ್ಯಾ ಸೇನ್ ಶ್ವೇಡಗೋನ್ ಹತ್ತಿ ಲುಂಗಿ ಒಣಹಾಕಿದ್ಲು, ಚಿತ್ರದಲ್ಲಿದೆ ನೋಡಿ" ಎಂದು ಓದಿ ಹೇಳು. ಅಲ್ಲಿಗೂ ಒಂದು ಬಕೆಟ್ಟು ಸುಣ್ಣ ಹೊತ್ತುಕೊಂಡು ಹೋಗು.

ಅದನ್ನು ನೋಡಿ ನನ್ನ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ಮೊದಲನೆಯ ಚಿತ್ರವನ್ನು ಬಿಸಿಲಿಗೆ ಹಿಡಿದು ನೋಡಿದೆ, ನಗು ನಿಂತುಹೋಯಿತು.

ಚಹಾದಂಗಡಿಯಲ್ಲಿದ್ದ ಚಿತ್ರ ನಿನ್ನ ಸೊಂಟಕ್ಕೇ ಮುಗಿಯುತ್ತಿತ್ತು. ತೂರೇನ್ ಪುಸ್ತಕದ ಹಾಳೆಯನ್ನು ನಿನ್ನ ಕೈಗೆ ಕೊಟ್ಟಿದ್ದ, ಕೆಳಗೆ ಕತ್ತರಿಸಿ ಚೌಕಟ್ಟು ಹಾಕಿಸಿ ತಂದವಳು ನೀನು. ಇದು ಪೂರ್ತಿ ಚಿತ್ರ. ಇದರಲ್ಲಿ ಕೆಳಗೆ ಇನ್ನೂ ನಾಲ್ಕು ಬೆರಳಗಲ ಇದೆ. ನಿನ್ನ ಲುಂಗಿಯ ಅಂಚು ಇದೆ. ಹಿಮ್ಮಡಿ ಇದೆ. ಕಾಲಲ್ಲಿ ಚಪ್ಪಲಿ ಇದೆ.

ಓನ್ ಯಿನ್, ನೀನು ಚಪ್ಪಲಿ ಮೆಟ್ಟಿಕೊಂಡು ಸಯಾಡೋ ಪಾತ್ರೆಗೆ ಅನ್ನ ಹಾಕುತ್ತಿದ್ದೀಯ.

ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಚಪ್ಪಲಿ ಬಿಡುವುದನ್ನು ಮರೆತು ನಿಂತಾಗ ಅವಳನ್ನು ಸಾಲಿನಿಂದ ಎಳೆದು ಹಾಕಿದ್ದೆ ನೀನು. "ಸಂತೆಗೆ ಬಂದಿದ್ದೀಯೇನೇ?" ಎಂದಿದ್ದೆ. ಅವಳು ವಾರ ಅತ್ತಳು. ಚಿತ್ರದಲ್ಲಿ ನಿನ್ನ ಪಕ್ಕ ಒಂದು ಮೊಣಕೈ ಕಾಣುತ್ತಿದೆ, ಅದು ನನ್ನದು. ದಿನವೂ ಪಕ್ಕದಲ್ಲೇ ನಿಂತವಳು ನಾನು. ನನ್ನ ಕಣ್ಣು ಭಿಕ್ಷಾಪಾತ್ರೆಯ ಮೇಲಿತ್ತು, ನಿನ್ನ ಪಾದದ ಮೇಲಿರಲಿಲ್ಲ.

ಈಗ ಎಲ್ಲ ತಿಳಿಯಿತು. ಕೆಳಗೇಕೆ ಕತ್ತರಿಸಿದೆ ಎಂದು ಯಾರಾದರೂ ಕೇಳುವ ಮೊದಲು ಎಲ್ಲರೂ ಮೇಲೆ ನೋಡಲಿ ಎಂದು ಬೆರಳೆತ್ತಿದೆ. ಚಿತ್ರ ನೋಡುವುದೇ ಪಾಪವೆಂದು ಹೇಳಿ ಸುಟ್ಟೆ. ನಿನ್ನ ಚಪ್ಪಲಿ ಮುಚ್ಚಲು ಸತ್ತವನ ಹೆಸರು ಬೇಕಾಯಿತೇ?

ಕಠಿನಕ್ಕೆ ಇನ್ನು ಒಂದೇ ತಿಂಗಳು. ಚಿತ್ರ ನನ್ನ ಪೆಟ್ಟಿಗೆಯಲ್ಲಿದೆ.

ಮ್ಯಾ ಸೇನ್


ಯಾಂಗೂನ್
14 ಅಕ್ಟೋಬರ್ 2003

ಮ್ಯಾ ಸೇನ್,

ತೋರಿಸುವುದಿದ್ದರೆ ತೋರಿಸು. ನಿನ್ನ ಹತ್ತಿರ ಭಿಕ್ಷೆ ಬೇಡುವುದಿಲ್ಲ.

ನನ್ನ ಎಡಗಾಲ ಹೆಬ್ಬೆರಳು ಕಪ್ಪಾಗಿದೆ. ವರ್ಷವಾಯಿತು. ಹುಣ್ಣಿದೆ, ಕೀವಿದೆ, ನೋವಿಲ್ಲ. ನೋವಿದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ನಮ್ಮ ಹಳ್ಳಿಯಲ್ಲಿ ನೋಯದ ಹುಣ್ಣು ಬಂದವರನ್ನು ಹೊಳೆಯಾಚೆ ಗುಡಿಸಲು ಹಾಕಿ ಕೂರಿಸುತ್ತಿದ್ದರು. ನನ್ನ ಚಿಕ್ಕಮ್ಮನನ್ನು ಕೂರಿಸಿದ್ದರು. ಅವಳು ಕೊಟ್ಟ ಬಾಳೆಹಣ್ಣನ್ನು ನನ್ನ ತಾಯಿಯೇ ಹೊಳೆಗೆ ಎಸೆದಿದ್ದಳು.

ಇಪ್ಪತ್ತೆರಡು ಮನೆಯ ಅಕ್ಕಿ ನನ್ನ ಒಲೆಯ ಮೇಲೆ ಬೇಯುತ್ತದೆ. ನನ್ನ ಕೈಯಿಂದ ಭಿಕ್ಷುಸಂಘಕ್ಕೆ ಹೋಗುತ್ತದೆ. ಚಪ್ಪಲಿ ಬಿಟ್ಟರೆ ಬೆರಳು ಕಾಣುತ್ತದೆ. ಬೆರಳು ಕಂಡರೆ ಆ ಅನ್ನ ಯಾರು ಮುಟ್ಟುತ್ತಾರೆ? ಗಂಡನಿಲ್ಲ, ಮಕ್ಕಳಿಲ್ಲ. ನನಗಿರುವುದು ಆ ಒಂದು ಸೌಟು.

ಸುಣ್ಣ ಕೆರೆದೆ. ನಾನೇ ಕೆರೆದೆ, ತೆಂಗಿನ ಚಿಪ್ಪಿನಿಂದ. ಮೂರು ಸಲ ಬಳಿದಿದ್ದರಿಂದ ಬಿಡಲಿಲ್ಲ. ಬಿಟ್ಟಾಗ ಅಕ್ಷರದ ಚಿನ್ನವೂ ಬಂದುಬಿಟ್ಟಿತು. ಬರೀ ಕೆತ್ತಿದ ಗೀರು ಉಳಿದಿದೆ. ಓದಲು ಬರುತ್ತದೆ. ಯಾರೋ ಕೇಳಿದರು, ಮಳೆಗೆ ತೊಳೆದುಹೋಗಿದೆ ಎಂದೆ. ನಂಬಿದರು.

ಇಲ್ಲಿಗೆ ಮುಗಿಯಿತು. ನಿನಗೆ ಬೇಕಾದದ್ದು ಸಿಕ್ಕಿತಲ್ಲ.

ಓನ್ ಯಿನ್


ಮೌಲಮ್ಯೈನ್
21 ಅಕ್ಟೋಬರ್ 2003

ಓನ್ ಯಿನ್,

ನಿನ್ನ ಕಾಗದ ಬಂದ ದಿನವೇ ಇಲ್ಲಿಯ ವಿಹಾರಕ್ಕೆ ಹೋದೆ. ನಿನ್ನ ಹೆಸರು ಹೇಳಲಿಲ್ಲ. "ಕಾಲಲ್ಲಿ ಹುಣ್ಣಿರೋ ಹೆಂಗಸು ಚಪ್ಪಲಿ ಹಾಕ್ಕೊಂಡು ಭಿಕ್ಷೆ ಬಡಿಸಿದ್ರೆ ಎಂಥ ಪಾಪ, ಸ್ವಾಮಿ?" ಎಂದು ಕೇಳಿದೆ. ಇಲ್ಲಿಯ ಸಯಾಡೋಗೆ ಎಂಬತ್ತಾಗಿದೆ, ಹಲ್ಲಿಲ್ಲ. ಬಾಯಿತುಂಬ ನಕ್ಕರು. "ಕಾಯಿಲೆಯವರಿಗೆ ಯಾವ ದೋಷಾನೂ ಇಲ್ಲಮ್ಮ. ಬುದ್ಧ ಭಗವಾನರೇ ವಿನಾಯ್ತಿ ಕೊಟ್ಟಿದ್ದಾರೆ. ಆ ಹೆಂಗಸನ್ನ ಇಲ್ಲಿಗೆ ಕಳಿಸಬೇಡ, ಆಸ್ಪತ್ರೆಗೆ ಕಳಿಸು" ಎಂದರು.

ಕೇಳಿದೆಯಾ? ದೋಷವೇ ಇಲ್ಲ. ಯಾವುದಾದರೂ ಒಂದು ಬೆಳಿಗ್ಗೆ "ನನ್ನ ಕಾಲು ಸರಿಯಿಲ್ಲ" ಎಂದು ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು. ಬೇರೆ ಯಾರಿಗೂ ಬೇಡ, ನನಗೆ ಹೇಳಿದ್ದರೂ ಸಾಕಿತ್ತು. ಆ ಕಾಲನ್ನು ಬಿಸಿನೀರಿನಲ್ಲಿಟ್ಟು ನಾನು ತೊಳೆಯುತ್ತಿದ್ದೆ, ನಿನಗೆ ಅದು ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಮುಂದೆ ತಳ್ಳಿದೆ. ಅದಕ್ಕೇ ನನಗೆ ಉರಿಯುವುದು.

ತಂಗಿಯ ಪಕ್ಕದಮನೆಯ ದಾದಿ ಹೇಳುತ್ತಾಳೆ, ಸಕ್ಕರೆ ಕಾಯಿಲೆಗೂ ಕಾಲು ಹೀಗೆ ಮರಗಟ್ಟುತ್ತದಂತೆ. ನೀನು ಹೆದರಿದ ಕಾಯಿಲೆಯೇ ಆದರೂ ಈಗ ಮಾತ್ರೆಯಿದೆ, ಹೊಳೆಯಾಚೆ ಯಾರನ್ನೂ ಕೂರಿಸುವುದಿಲ್ಲ. ನಾಳೆಯೇ ಹೋಗು. ಬೆರಳು ಹೋದರೆ ಹೋಗಲಿ, ಕಾಲು ಉಳಿಸಿಕೋ. ನಿನ್ನ ಮೇಲಿನ ಪ್ರೀತಿಗೆ ಇದನ್ನು ಬರೆಯುತ್ತಿಲ್ಲ. ತಿಳಿದೂ ಹೇಳದಿದ್ದರೆ ನನಗೆ ಪಾಪ.

ಇನ್ನು ಮಳೆಯ ಮಾತು. ಮಳೆಗೆ ತೊಳೆದುಹೋಯಿತು ಎಂದೆಯಾ? ಹಾಗಾದರೆ ಓಣಿಯ ಪಾಲಿಗೆ ನಾನು ಈಗಲೂ ಭಿಕ್ಷುಗಳ ತಲೆಯ ಮೇಲೆ ಲುಂಗಿ ಹರವಿದವಳೇ. ಕಠಿನದ ದಿನ ನನ್ನ ಗಂಡನ ಹೆಸರು ಓದುವಾಗ ಯಾರ ಬಾಯಿಂದಲೂ "ಸಾಧು" ಬರುವುದಿಲ್ಲ, ಖಿನ್ ಪು ಮೂಗು ಮುರಿಯುತ್ತಾಳೆ. ಕಲ್ಲಿನ ಮೇಲೆ ಹೆಸರಿದ್ದು ಬಾಯಲ್ಲಿ ಇಲ್ಲದಿದ್ದರೆ ಅವನಿಗೆ ಏನು ಮುಟ್ಟುತ್ತದೆ?

ಮಳೆಯಲ್ಲ ಎಂದು ಹೇಳು. ನೀನೇ, ಎಲ್ಲರ ಎದುರು.

ಪೂರ್ತಿ ಚಿತ್ರವನ್ನು ಈ ಕಾಗದದೊಳಗೆ ಇಟ್ಟಿದ್ದೇನೆ. ಬೇರೆ ಪ್ರತಿ ನನ್ನ ಹತ್ತಿರ ಇಲ್ಲ. ಸುಡು, ಹರಿ, ನಿನ್ನಿಷ್ಟ. ಇದು ನನ್ನ ಪೆಟ್ಟಿಗೆಯಲ್ಲಿದ್ದರೆ ನೀನು ಹೆದರಿ ನಿಜ ಹೇಳುತ್ತೀಯ. ಹೆದರಿಸಿ ಹೇಳಿಸಿದ ಮಾತನ್ನು ನಾನು ಪೋ ಲ್ವಿನ್‌ಗೆ ಎಡೆ ಇಡುವುದಿಲ್ಲ.

ಶ್ವೇಡಗೋನಿನ ಚಿತ್ರ ನನಗಿರಲಿ. ಬೇಜಾರಾದಾಗ ನಗುವುದಕ್ಕೆ ಬೇಕು.

ಮ್ಯಾ ಸೇನ್


ಯಾಂಗೂನ್
11 ನವೆಂಬರ್ 2003

ಮ್ಯಾ ಸೇನ್,

ಬೆರಳು ತೆಗೆದರು. ಸಕ್ಕರೆ ಕಾಯಿಲೆಯೇ. ನಿನ್ನ ದಾದಿ ಗೆದ್ದಳೆಂದು ಹೇಳು.

ಕಠಿನದ ದಿನ ಕುರ್ಚಿಯ ಮೇಲೆ ಕೂರಿಸಿ ಕರೆದುಕೊಂಡು ಹೋದರು, ಕಾಲಿಗೆ ದಪ್ಪ ಪಟ್ಟಿ. ಕಲ್ಲು ಓದತೊಡಗಿದರು. ಆರನೆಯ ಸಾಲು ಮುಗಿದಾಗ ಕೈಯೆತ್ತಿ ನಿಲ್ಲಿಸಿದೆ. ಮಳೆಯಲ್ಲ, ನಾನು ಬಳಿಸಿದ್ದು, ನಾನು ಕೆರೆದದ್ದು ಎಂದೆ. ಓಣಿಯ ಬಾಯಿಯಿಂದ ನಿನ್ನ ಮೊಗಸಾಲೆಗೆ ಅರವತ್ತೆರಡು ಹೆಜ್ಜೆ ಇದೆ, ಆಸ್ಪತ್ರೆಗೆ ಹೋಗುವ ದಿನ ಕೋಲೂರಿ ಎಣಿಸಿದ್ದೇನೆ ಎಂದೆ. ನೀನು ಕಳಿಸಿದ ಚಿತ್ರ ತೋರಿಸಿದೆ. ಹೌದು, ಸುಡಲಿಲ್ಲ. ಕಾಲಿನ ಕಡೆ ಬೆರಳಿಟ್ಟು ತೋರಿಸಿದೆ.

ಮೊದಲು ಬಾಯಿ ಬಿಟ್ಟವಳು ಖಿನ್ ಪು. "ಅಷ್ಟು ದಿನ ಅದೇ ಕಾಲಲ್ಲಿ ನಿಂತು ನಮಗೆಲ್ಲ ಬುದ್ಧಿ ಹೇಳ್ತಿದ್ರಲ್ಲ, ದೊಡ್ಡಮ್ಮ!" ನಿನಗೆ ಕೇಳಿ ಖುಷಿಯಾಗಲಿ. ಸಯಾಡೋ ಇಷ್ಟೇ ಅಂದರು: "ಆಗ ನೀವು ಕೇಳಿದ್ದು ಲುಂಗಿ ತಲೆ ಮೇಲೆ ಬಂತೇ ಅಂತ. ನನ್ನ ತಲೆ ಮೇಲೆ ಏನಿತ್ತು ಅಂತ ನಾನು ನೋಡಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಏನು ಹೇಳಲಿ? ಸುಣ್ಣ ಬಳೀತೀವಿ ಅಂತ ಯಾರೂ ಕೇಳಲಿಲ್ಲ." ಆಮೇಲೆ ಮುಂದೆ ಓದಲು ಹೇಳಿದರು.

ಏಳನೆಯ ಸಾಲು ಓದಿದರು. "ಸಾಧು" ಬಂತು. ಮೊದಲು ಹಿಂದಿನ ಸಾಲಿನ ಮೀನಿನವಳಿಂದ, ಆಮೇಲೆ ಎಲ್ಲರಿಂದ. ಮೂರು ಸಲ. ಎಣಿಸಿದ್ದೇನೆ, ಸುಳ್ಳಲ್ಲ.

ಒಂಬತ್ತು ಮನೆಯವರು ನನ್ನ ಒಲೆಗೆ ಅಕ್ಕಿ ಕಳಿಸುವುದನ್ನು ನಿಲ್ಲಿಸಿದ್ದಾರೆ. ಕಾಯಿಲೆ ಅಂಟುವುದಿಲ್ಲವೆಂದು ಅವರಿಗೂ ಗೊತ್ತು. ನನ್ನ ಮುಖ ಬೇಡವಾಗಿದೆ. ನಿನ್ನ ಮೇಲಿನ ಸಿಟ್ಟು ನನಗೆ ಹೋಗಿಲ್ಲ. ನೀನು ಸರಿಯಿದ್ದೆ ಎಂದು ಒಪ್ಪಿಕೊಂಡ ಮೇಲೆ ಇನ್ನೂ ಹೆಚ್ಚಾಗಿದೆ. ಚಿತ್ರವನ್ನು ಕಳಿಸದೆ ಹೆದರಿಸಿದ್ದರೆ ನಿನ್ನನ್ನು ದ್ವೇಷಿಸುವುದು ಸುಲಭವಾಗಿರುತ್ತಿತ್ತು.

ಇನ್ನು ನಾಲ್ಕು ತಿಂಗಳು ನಿಲ್ಲಬಾರದು ಎಂದಿದ್ದಾರೆ ಡಾಕ್ಟರು. ಹದಿಮೂರು ಮನೆಯ ಅನ್ನ ಕೂತೇ ಬೇಯಿಸುತ್ತೇನೆ. ಓಣಿಯ ಬಾಯಿಗೆ ಪಾತ್ರೆ ಹೊರುವವರೂ ಇದ್ದಾರೆ. ಸೌಟು ಹಿಡಿಯಲು ಮುಂದೆ ಬಂದವರಿಗೆ ನಾನೇ ಕೊಟ್ಟಿಲ್ಲ.

ಬಾ ಎಂದು ಹೇಳುವುದಿಲ್ಲ. ಭಿಕ್ಷುಗಳು ಬರುವುದು ಆರೂಕಾಲಿಗೆ.

ಓನ್ ಯಿನ್